ಮರಳಿ ಕೊಡುವ ಧರ್ಮ

ಮತಧರ್ಮದ ವಿಚಾರವನ್ನು ಎತ್ತಿದೊಡನೆಯೇ ನಮ್ಮ ಮನಸ್ಸು ಸಾಮಾನ್ಯವಾಗಿ ಎತ್ತರದ ಮಾತುಗಳ ಕಡೆಗೆ ಹೊರಳುತ್ತದೆ. ದೇವರು, ಆತ್ಮ, ಪರಲೋಕ, ಮುಕ್ತಿ ಎಂಬ ದೊಡ್ಡ ಮಾತುಗಳು ಬಂದ ಕೂಡಲೆ ಅಂಗಡಿಯ ತಕ್ಕಡಿ, ತಿಂಗಳ ಸಂಬಳ, ಮನೆಯ ಬಾಡಿಗೆ, ನೆರೆಮನೆಯಿಂದ ಎರವು ತಂದ ಪಾತ್ರೆ ಇವೆಲ್ಲವೂ ಹಿಂದಕ್ಕೆ ಸರಿದುಬಿಡುತ್ತವೆ. ಆದರೆ ಮನುಷ್ಯನ ಆಯುಷ್ಯದ ಬಹುಭಾಗ ಕಳೆದುಹೋಗುವುದು ಈ ಸಣ್ಣ ಸಂಗತಿಗಳ ನಡುವೆಯೇ. ತಕ್ಕಡಿಯ ಮುಂದೆ ನಿಲ್ಲಲಾರದ ಧರ್ಮವು ಪರಲೋಕದ ಬಾಗಿಲಲ್ಲಿ ನಿಂತೀತೆ ಎಂಬ ಸಂದೇಹ ಯಾರಿಗಾದರೂ ಬರತಕ್ಕದ್ದೇ. ಕ್ರೈಸ್ತರಲ್ಲಿ ಕ್ಯಾಥೊಲಿಕ್ ಪಂಗಡಕ್ಕೆ ಸೇರಿದ ನಾವು, ನಮ್ಮ ಧರ್ಮಸಭೆಯ ನೀತಿಬೋಧೆಯನ್ನು ಇಂದಿನ ದಿನಬಳಕೆಯ ಬಾಳಿನಲ್ಲಿ ಹೇಗೆ ನಡೆಸಿಕೊಂಡು ಬರಬೇಕೆಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ಆಲೋಚಿಸೋಣವೆಂದಿದ್ದೇವೆ. ಆ ಬೋಧೆಯೆಲ್ಲವನ್ನೂ ಹೇಳಹೊರಟರೆ ಕಾಲ ಸಾಲದು. ಆದಕಾರಣ ಒಂದೇ ಒಂದು ಆಜ್ಞೆಯನ್ನು, ಅದರಲ್ಲಿಯೂ ಅದಕ್ಕೆ ಸೇರಿದ ಒಂದೇ ಒಂದು ಕರ್ತವ್ಯವನ್ನು ತೆಗೆದುಕೊಂಡಿದ್ದೇವೆ. ಬೇರೆ ಮತಗಳ ಶ್ರೋತೃಗಳಿಗೂ ಇದು ಪರಕೀಯವಾಗಿ ತೋರಲಾರದೆಂದು ನಂಬಿದ್ದೇವೆ.

ಮೋಶೆಯ ಮೂಲಕ ಬಂದ ಹತ್ತು ಆಜ್ಞೆಗಳು ಬೈಬಲಿನ ಎರಡು ಕಡೆಗಳಲ್ಲಿ, ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿಯೂ ಬರುತ್ತವೆ. ಕದಿಯಬಾರದೆಂಬುದು ಅವುಗಳಲ್ಲಿ ಒಂದು. ಸಂತ ಅಗಸ್ಟೀನರ ಎಣಿಕೆಯನ್ನು ಅನುಸರಿಸುವ ಕ್ಯಾಥೊಲಿಕರಿಗೆ ಇದು ಏಳನೆಯದು. ಪ್ರಾಟೆಸ್ಟಂಟರಲ್ಲಿ ಬಹುಮಂದಿಗೆ ಎಂಟನೆಯದು. ಹತ್ತು ಆಜ್ಞೆಗಳಲ್ಲಿ ಸಭ್ಯ ಗೃಹಸ್ಥನಿಗೆ ಅತ್ಯಂತ ನಿಶ್ಚಿಂತೆಯನ್ನು ಕೊಡತಕ್ಕದ್ದು ಇದೇ ಎಂದು ಹೇಳಬಹುದು. ಸುಳ್ಳು ಹೇಳಲಿಲ್ಲವೆಂದು ಎದೆಮುಟ್ಟಿ ಹೇಳುವವರು ವಿರಳ. ಕೋಪಗೊಳ್ಳಲಿಲ್ಲವೆಂದು ಹೇಳುವವರು ಇನ್ನೂ ವಿರಳ. ಆದರೆ ಕದ್ದೆಯಾ ಎಂದು ಕೇಳಿದರೆ ಎಲ್ಲರೂ ತಲೆ ಎತ್ತಿ ಇಲ್ಲವೆಂದೇ ಉತ್ತರ ಕೊಡುತ್ತಾರೆ. ಕನ್ನ ಹಾಕಿದವರಲ್ಲ, ಜೇಬು ಕತ್ತರಿಸಿದವರಲ್ಲ, ಪೋಲೀಸರ ಕೈಗೆ ಸಿಕ್ಕಿದವರಲ್ಲ, ಇನ್ನೇನು ಬೇಕು?

ಈ ನಿಶ್ಚಿಂತೆಯನ್ನು ಧರ್ಮಸಭೆಯು ನಮಗೆ ಉಳಿಸಿಕೊಟ್ಟಿಲ್ಲ. ಎರಡನೆಯ ಜಾನ್ ಪಾಲ್ ಪೋಪರು 1992ರಲ್ಲಿ ಹೊರಡಿಸಿದ ಧರ್ಮೋಪದೇಶ ಗ್ರಂಥದಲ್ಲಿ ಈ ಆಜ್ಞೆಯ ವಿವರಣೆಯನ್ನು ಓದಿದರೆ, ಕಳವಿನ ಲೆಕ್ಕದಲ್ಲಿ ಏನೇನು ಸೇರಿದೆಯೆಂಬುದು ಬೆರಗನ್ನುಂಟುಮಾಡುತ್ತದೆ. ಎರವು ತಂದದ್ದನ್ನು ಹಿಂದಿರುಗಿಸದಿರುವುದು, ದಾರಿಯಲ್ಲಿ ಸಿಕ್ಕಿದ್ದನ್ನು ಒಡೆಯನಿಗೆ ತಲಪಿಸದಿರುವುದು, ನ್ಯಾಯವಲ್ಲದ ಕೂಲಿಯನ್ನು ಕೊಡುವುದು, ಮತ್ತೊಬ್ಬರ ಅಜ್ಞಾನವನ್ನೋ ಕಷ್ಟವನ್ನೋ ನೋಡಿಕೊಂಡು ಬೆಲೆಯನ್ನು ಏರಿಸುವುದು, ಲಂಚ, ಸುಳ್ಳು ಲೆಕ್ಕಪತ್ರ, ತೆರಿಗೆಯ ವಂಚನೆ, ಸಂಸ್ಥೆಯ ಸ್ವತ್ತನ್ನು ಸ್ವಂತಕ್ಕೆ ಬಳಸಿಕೊಳ್ಳುವುದು ಇವೆಲ್ಲವೂ ಅಲ್ಲಿವೆ. ಅಷ್ಟೇ ಅಲ್ಲ, ಕೆಲಸವನ್ನು ಕೆಟ್ಟದಾಗಿ ಮಾಡುವುದು, ಮಿತಿಮೀರಿ ಖರ್ಚು ಮಾಡುವುದು, ವಸ್ತುಗಳನ್ನು ಪೋಲುಮಾಡುವುದು ಇವು ಕೂಡ ಅದೇ ಪಟ್ಟಿಯಲ್ಲಿವೆ. ರಾಜ್ಯದ ಕಾನೂನು ಇವುಗಳಲ್ಲಿ ಕೆಲವನ್ನು ಅಪರಾಧವೆಂದು ಹಿಡಿಯುವುದು. ಕೆಲವನ್ನು ಕಂಡರೂ ಕಾಣದಂತಿರುವುದು. ಧರ್ಮವಾದರೋ ಎಲ್ಲವನ್ನೂ ಒಂದೇ ಪ್ರಶ್ನೆಯ ಕೆಳಗೆ ತರುತ್ತದೆ: ಮತ್ತೊಬ್ಬನಿಗೆ ಸೇರಬೇಕಾದದ್ದು ನಿನ್ನಲ್ಲಿ ಏನಿದೆ?

ಈ ಪ್ರಶ್ನೆಯ ಹಿಂದೆ ಒಂದು ತತ್ತ್ವವುಂಟು. ಈ ಭೂಮಿಯನ್ನೂ ಅದರ ಫಲವನ್ನೂ ದೇವರು ಮನುಷ್ಯಕುಲಕ್ಕೆಲ್ಲ ಕೊಟ್ಟನೆಂಬುದು ಧರ್ಮಸಭೆಯ ಮೊದಲನೆಯ ಮಾತು. ಒಬ್ಬೊಬ್ಬನಿಗೂ ತನ್ನದೆಂಬ ಸ್ವತ್ತು ಇರಬಹುದು, ಇರುವುದು ಒಳ್ಳೆಯದು ಎಂಬುದು ಎರಡನೆಯ ಮಾತು. ಮೊದಲನೆಯದನ್ನು ಎರಡನೆಯದು ಅಳಿಸಲಾರದು. 13ನೆಯ ಶತಮಾನದಲ್ಲಿದ್ದ ಮಹಾಪಂಡಿತ ಸಂತ ಥಾಮಸ್ ಅಕ್ವಿನಾಸರು ಸ್ವಂತ ಆಸ್ತಿಯನ್ನು ಸಮರ್ಥಿಸಿದ ಪ್ರಕರಣದಲ್ಲಿಯೇ, ಪ್ರಾಣಕ್ಕೆ ಬಂದ ಹಸಿವಿನಲ್ಲಿ ಬೇರೆ ದಾರಿಯಿಲ್ಲದೆ ಮತ್ತೊಬ್ಬನ ಅನ್ನವನ್ನು ತೆಗೆದುಕೊಂಡವನು ಕಳ್ಳನಲ್ಲವೆಂದೂ ಹೇಳಿದರು. ಹಸಿದವನನ್ನು ಬಿಟ್ಟು ಉಳಿದವರ ವಿಷಯದಲ್ಲಿ ಅವರು ಇಷ್ಟು ಸಡಿಲವಾಗಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ.

ಈಗ ನಾವು ಮುಖ್ಯವಾಗಿ ಹೇಳತಕ್ಕ ಕರ್ತವ್ಯಕ್ಕೆ ಬರೋಣ. ಪಾಪ ಮಾಡಿದ ಕ್ಯಾಥೊಲಿಕನು ಗುರುಗಳ ಬಳಿಗೆ ಹೋಗಿ ಪಾಪನಿವೇದನೆ ಮಾಡಿ ಕ್ಷಮೆ ಪಡೆಯುತ್ತಾನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ನೋಡಿ, ಇದೊಂದು ಸುಲಭವಾದ ಏರ್ಪಾಡೆಂದು ಹೊರಗಿನವರು ನಗುವುದುಂಟು. ಒಳಗಿನವರಲ್ಲಿಯೂ ಕೆಲವರು ಹಾಗೆಯೇ ತಿಳಿದುಕೊಂಡಿರುವುದುಂಟು. ವಾಸ್ತವವಾಗಿ ಅದು ಹಾಗಲ್ಲ. ಕಳವಿನ ಪಾಪಕ್ಕೆ ಎರಡು ಮುಖಗಳುಂಟು. ಒಂದು ದೇವರ ಕಡೆಗೆ ತಿರುಗಿದ ಮುಖ. ಅದಕ್ಕೆ ಪಶ್ಚಾತ್ತಾಪವೂ ಕ್ಷಮೆಯೂ ಉಂಟು. ಮತ್ತೊಂದು ಸ್ವತ್ತನ್ನು ಕಳೆದುಕೊಂಡವನ ಕಡೆಗೆ ತಿರುಗಿದ ಮುಖ. ಅದಕ್ಕೆ ಮರಳಿ ಕೊಡುವುದೊಂದೇ ದಾರಿ. ಕೊಡುವ ಶಕ್ತಿಯಿದ್ದೂ ಕೊಡುವ ಸಂಕಲ್ಪವಿಲ್ಲದವನ ಪಶ್ಚಾತ್ತಾಪವು ಪಶ್ಚಾತ್ತಾಪವೇ ಅಲ್ಲವೆಂದು ಅಗಸ್ಟೀನರ ಕಾಲದಿಂದಲೂ ಧರ್ಮಸಭೆ ಹೇಳುತ್ತ ಬಂದಿದೆ. ಕಣ್ಣೀರು ಸಾಲವನ್ನು ತೀರಿಸುವುದಿಲ್ಲ.

ಲೂಕನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದವನ ಕತೆ ಬರುತ್ತದೆ. ಕುಳ್ಳನಾದ ಅವನು ಯೇಸುಸ್ವಾಮಿಯನ್ನು ನೋಡುವುದಕ್ಕಾಗಿ ಮರವನ್ನು ಹತ್ತಿದ್ದು, ಸ್ವಾಮಿ ಅವನ ಮನೆಗೇ ಬರುತ್ತೇನೆಂದದ್ದು, ನೆರೆದ ಜನ ಗೊಣಗಿದ್ದು ಇವನ್ನೆಲ್ಲ ಭಕ್ತಿಯಿಂದ ಕೇಳುತ್ತೇವೆ. ಆದರೆ ಕತೆಯ ತಿರುಳು ಮರದ ಮೇಲಿಲ್ಲ, ಮನೆಯ ಒಳಗಿದೆ. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದು ಅವನು ಒಂದು ಮಾತು ಹೇಳಿದ. ಯಾರಿಂದಲಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುತ್ತೇನೆಂದು ಮತ್ತೊಂದು ಮಾತು ಹೇಳಿದ. ಇವೆರಡೂ ಬೇರೆ ಬೇರೆ ಮಾತುಗಳು. ಮೊದಲನೆಯದು ದಾನ, ಎರಡನೆಯದು ಋಣ. ದಾನದಿಂದ ಋಣವನ್ನು ತೀರಿಸಬಹುದೆಂದು ಜಕ್ಕಾಯನು ಭಾವಿಸಲಿಲ್ಲ. ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಕೂಲಿಯವನಿಂದ ಹಿಡಿದಿಟ್ಟ ಹಣ ದೇವಾಲಯದ ಹಬ್ಬದಲ್ಲಿ ಮೇಣದಬತ್ತಿಯಾಗಿ ಉರಿಯುವುದುಂಟು; ಗಿರಾಕಿಗೆ ಮಾಡಿದ ಮೋಸ ಅನಾಥಾಲಯದ ಊಟವಾಗಿ ಬಡಿಸಲ್ಪಡುವುದುಂಟು. ಉಂಡ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಆ ಗಿರಾಕಿಯ ಬಾಕಿ ಹಾಗೆಯೇ ಉಳಿಯಿತು.

ಕನ್ನಡನಾಡಿನವರಿಗೆ ಈ ವಿವೇಕ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನೂ ಅವನ ಪತ್ನಿ ಲಕ್ಕಮ್ಮನೂ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಅಡಿಗೆಗೆ ಹಾಕಲಿಲ್ಲ. ನಮಗೆ ಸಲ್ಲುವುದಕ್ಕಿಂತ ಹೆಚ್ಚಾದದ್ದನ್ನು ತಂದಲ್ಲಿಗೇ ಹೋಗಿ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಹೆಚ್ಚಾದ ಅಕ್ಕಿಯಿಂದ ಇನ್ನೂ ನಾಲ್ವರು ಜಂಗಮರಿಗೆ ಅನ್ನವಿಡಬಹುದಾಗಿತ್ತಲ್ಲ ಎಂದು ಆಕೆ ವಾದಿಸಲಿಲ್ಲ. ಜೆರಿಕೊ ಪಟ್ಟಣದ ಸುಂಕದವನೂ ಕಲ್ಯಾಣದ ಶರಣೆಯೂ ಬೇರೆ ಬೇರೆ ದಾರಿಗಳಿಂದ ಒಂದೇ ಹೊಸ್ತಿಲಿಗೆ ಬಂದರು.

ಮರಳಿ ಕೊಡುವುದೆಂದರೆ ಯಾರಿಗೆ, ಎಷ್ಟು, ಯಾವಾಗ, ಹೇಗೆ ಎಂಬ ಪ್ರಶ್ನೆಗಳು ಏಳುತ್ತವೆ. ಥಾಮಸ್ ಅಕ್ವಿನಾಸರು ತಮ್ಮ ದೇವಶಾಸ್ತ್ರದ ಮಹಾಗ್ರಂಥದಲ್ಲಿ ಇವಕ್ಕೆಲ್ಲ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಕಳೆದುಕೊಂಡವನಿಗೇ ಕೊಡಬೇಕು. ಅವನು ತೀರಿಹೋಗಿದ್ದರೆ ಅವನ ವಾರಸುದಾರರಿಗೆ ಸಲ್ಲಬೇಕು. ಯಾರೆಂದೇ ತಿಳಿಯದೆಹೋದರೆ, ಹುಡುಕುವಷ್ಟು ಹುಡುಕಿದ ಮೇಲೆ, ಅವನ ಹೆಸರಿನಲ್ಲಿ ಬಡವರಿಗೆ ಕೊಡಬಹುದು. ಕೂಡಲೆ ಕೊಡಬೇಕು; ಆಗದಿದ್ದರೆ ವಾಯಿದೆ ಕೇಳಿಕೊಳ್ಳಬೇಕು; ಸುಮ್ಮನೆ ತಡಮಾಡುವುದು ಮತ್ತೊಂದು ಅನ್ಯಾಯ. ತಾನೇ ಕದ್ದವನೆಂದು ಬೀದಿಯಲ್ಲಿ ಸಾರಿಕೊಳ್ಳಬೇಕಾದ ಅಗತ್ಯವಿಲ್ಲ; ಬೇರೊಬ್ಬರ ಕೈಯಿಂದ ಮುಟ್ಟಿಸಿದರೂ ಸಾಕು. ಆ ಕಾರ್ಯಕ್ಕೆ ಗುರುಗಳನ್ನೇ ಆಶ್ರಯಿಸುವವರುಂಟು. ಪಾಪನಿವೇದನೆಯಲ್ಲಿ ಕೇಳಿದ ಮಾತನ್ನು ಗುರುಗಳು ಯಾರಿಗೂ, ನ್ಯಾಯಾಲಯಕ್ಕೂ ಸಹ, ಹೇಳಕೂಡದೆಂಬುದು ನಿಯಮವಾದಕಾರಣ ನಾಚಿಕೆಯು ಋಣಕ್ಕೆ ಅಡ್ಡಬರಬೇಕಾಗಿಲ್ಲ. ಇನ್ನೊಂದು ಸಂಗತಿಯನ್ನೂ ಅವರು ಎತ್ತಿದ್ದಾರೆ. ಕೈಯಿಂದ ತೆಗೆದವನಲ್ಲದೆ, ಆಜ್ಞೆ ಕೊಟ್ಟವನು, ಆಲೋಚನೆ ಹೇಳಿದವನು, ಒಪ್ಪಿದವನು, ಹೊಗಳಿ ಹುರಿದುಂಬಿಸಿದವನು, ಪಾಲು ಪಡೆದವನು, ತಡೆಯಬೇಕಾದ ಸ್ಥಾನದಲ್ಲಿದ್ದು ಬಾಯಿಮುಚ್ಚಿಕೊಂಡವನು ಹೀಗೆ ಒಂಬತ್ತು ಬಗೆಯ ಸಹಭಾಗಿಗಳನ್ನು ಲೆಕ್ಕಹಾಕಿ, ಯಾರು ಯಾರು ಎಂತಹ ಸಂದರ್ಭದಲ್ಲಿ ಋಣಿಗಳಾಗುತ್ತಾರೆಂಬುದನ್ನು ಚರ್ಚಿಸಿದ್ದಾರೆ. ಸಮಿತಿಗಳ ಮೂಲಕವೇ ಲೋಕ ನಡೆಯುತ್ತಿರುವ ಈ ಕಾಲದಲ್ಲಿ, ಕಡತಕ್ಕೆ ರುಜು ಹಾಕಿ ಏನೂ ಅರಿಯದವರಂತೆ ಎದ್ದುಹೋಗುವ ನಮ್ಮಂಥವರಿಗೆ ಈ ಪಟ್ಟಿ ಚೆನ್ನಾಗಿ ಅನ್ವಯಿಸುತ್ತದೆ.

ಶಾಸ್ತ್ರವನ್ನು ಇಷ್ಟಕ್ಕೆ ನಿಲ್ಲಿಸಿ ಮನೆಯೊಳಗೆ ಬರೋಣ. ಪಾತ್ರೆ ತೊಳೆದು ನೆಲ ಸಾರಿಸಿ ಹೋಗುವ ಹೆಂಗಸಿನ ಸಂಬಳ ಒಂದನೆಯ ತಾರೀಖಿಗೆ ಸಲ್ಲಬೇಕು. ಯಜಮಾನರಿಗೆ ಬ್ಯಾಂಕಿಗೆ ಹೋಗಲು ಬಿಡುವಾಗಲಿಲ್ಲ. ಯಜಮಾನಿಯವರು ತವರಿಗೆ ಹೋಗಿದ್ದಾರೆ. ಐದನೆಯ ತಾರೀಖಿಗೆ ಬಾ, ಎಂಟಕ್ಕೆ ಬಾ ಎಂದು ಹೇಳಿ ಕಳಿಸುತ್ತಾರೆ. ಮನೆಯವರ ಮನಸ್ಸಿನಲ್ಲಿ ಮೋಸದ ಯೋಚನೆ ಇಲ್ಲ. ಅವರಿಗೆ ಅದೊಂದು ಮರೆವು. ಆ ಹೆಂಗಸಿಗಾದರೋ ಅದು ದಿನಸಿ ಅಂಗಡಿಯವನ ಬೈಗುಳ, ಮಗುವಿನ ಶಾಲೆಯ ಶುಲ್ಕ, ಬಡ್ಡಿಗೆ ತಂದ ಕೈಸಾಲ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡವು ವಿಧಿಸುತ್ತದೆ. ಹಿಡಿದಿಟ್ಟ ಕೂಲಿಯು ತಾನೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಾಕೋಬರ ಪತ್ರ ಹೇಳುತ್ತದೆ. ಕೊಲೆಯನ್ನು ಯಾವ ಸಾಲಿನಲ್ಲಿ ಇಟ್ಟಿದೆಯೋ, ಸ್ವರ್ಗದವರೆಗೆ ಕೂಗುವ ಪಾಪಗಳ ಆ ಸಾಲಿನಲ್ಲಿಯೇ ಧರ್ಮಸಭೆಯ ಪರಂಪರೆ ಇದನ್ನೂ ಇಟ್ಟಿದೆ. ಎಂಟನೆಯ ತಾರೀಖಿನ ಮರೆವು ಸಣ್ಣದೆಂದು ಹೇಳುವ ಧೈರ್ಯ ಆಮೇಲೆ ಬರುವುದಿಲ್ಲ.

ಸಂಬಳ ಎಷ್ಟಿರಬೇಕೆಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಆಕೆ ಒಪ್ಪಿಯೇ ಬಂದಳಲ್ಲ, ಒಪ್ಪಿದ್ದನ್ನು ಕೊಟ್ಟರಾಯಿತು ಎಂಬುದು ಸಾಮಾನ್ಯವಾದ ಉತ್ತರ. ಈ ಉತ್ತರವನ್ನು 13ನೆಯ ಲಿಯೋ ಪೋಪರು 1891ರಲ್ಲಿಯೇ ತಿರಸ್ಕರಿಸಿದರು. ಯೂರೋಪಿನ ಕಾರ್ಖಾನೆಗಳಲ್ಲಿ ಕೂಲಿಗಾರರ ಸ್ಥಿತಿ ಹೇಳತೀರದಂತಿದ್ದ ಕಾಲದಲ್ಲಿ, ಆ ವರ್ಷದ ಮೇ 15ರಂದು ಅವರು ಹೊರಡಿಸಿದ ರೇರುಮ್ ನೊವಾರುಮ್ ಎಂಬ ವಿಶ್ವಪತ್ರದ ವಾದವೇನೆಂದರೆ, ಒಪ್ಪಂದಕ್ಕಿಂತ ಹಳೆಯದೂ ಮೇಲಿನದೂ ಆದ ಒಂದು ಸಹಜನ್ಯಾಯವುಂಟು. ಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಕೂಲಿ ಸಾಲದಿರಬಾರದು. ಹೊಟ್ಟೆಯ ಭಯದಿಂದ ಒಪ್ಪಿದ ಒಪ್ಪಿಗೆಯು ಬಲಾತ್ಕಾರಕ್ಕೆ ಸಮಾನ. 40 ವರ್ಷಗಳ ಮೇಲೆ, 1931ರಲ್ಲಿ, 11ನೆಯ ಪಿಯುಸ್ ಪೋಪರು ಕೂಲಿಯು ಕೆಲಸಗಾರನ ಕುಟುಂಬಕ್ಕೂ ಸಾಲುವಂತಿರಬೇಕೆಂದರು. ನಮ್ಮ ದೇಶದಲ್ಲಿ ಕನಿಷ್ಠ ವೇತನದ ಕಾಯಿದೆ ಬಂದದ್ದು 1948ರಲ್ಲಿ. ಕರ್ನಾಟಕ ಸರ್ಕಾರವು ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಪಡಿಸಿದ್ದು 2004ರಲ್ಲಿ. ಕಾನೂನು ನಿಧಾನವಾಗಿಯಾದರೂ ನಡೆದುಬಂದಿದೆ. ನೆರೆಮನೆಯವರು ಎಷ್ಟು ಕೊಡುತ್ತಾರೆಂದು ವಿಚಾರಿಸುವುದರ ಜೊತೆಗೆ, ಈ ಹಣದಲ್ಲಿ ಆಕೆ ತಿಂಗಳನ್ನು ಹೇಗೆ ಕಳೆಯುತ್ತಾಳೆಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ಕೂಡಿಸಿ ನೋಡುವುದು ಒಂದು ಒಳ್ಳೆಯ ಜಪಕ್ಕೆ ಸಮಾನವಾದೀತು.

ಹಾಗೆಂದ ಮಾತ್ರಕ್ಕೆ ಕೊಡುವವನೊಬ್ಬನೇ ಋಣಿಯೆಂದು ತಿಳಿಯಬಾರದು. ಸಂಬಳ ತೆಗೆದುಕೊಳ್ಳುವವನೂ ಋಣಿಯೇ. ಅಧ್ಯಾಪಕ ವೃತ್ತಿಯಲ್ಲಿರುವ ನಾವು ನಮ್ಮ ವೃತ್ತಿಯಿಂದಲೇ ಉದಾಹರಣೆಯನ್ನು ತೆಗೆದುಕೊಳ್ಳೋಣ. 60 ವಿದ್ಯಾರ್ಥಿಗಳಿರುವ ತರಗತಿಗೆ ಅಧ್ಯಾಪಕನು 10 ನಿಮಿಷ ತಡವಾಗಿ ಬಂದರೆ ನಷ್ಟವಾದದ್ದು 10 ನಿಮಿಷವಲ್ಲ, 600 ನಿಮಿಷ. ಎಂದರೆ 10 ಗಂಟೆಗಳ ಕಾಲ. ಅದೂ ಇತರರ ಕಾಲ, ಅದೂ ಶುಲ್ಕ ತೆತ್ತು ಕೊಂಡ ಕಾಲ. ಇದನ್ನು ಮರಳಿ ಕೊಡುವ ಬಗೆ ಹೇಗೆ? ಕಳೆದ ಗಂಟೆಯನ್ನು ತರುವುದು ಸಾಧ್ಯವಿಲ್ಲ. ಆದರೆ ಹಿಂದುಳಿದ ಹುಡುಗನೊಡನೆ ಸಂಜೆ ಅರ್ಧ ಗಂಟೆ ಕುಳಿತುಕೊಳ್ಳುವುದು ಸಾಧ್ಯ. ಇನ್ನು ವಿದ್ಯಾರ್ಥಿಗಳ ಕಡೆಗೆ ನೋಡಿದರೆ, ಯಂತ್ರವೇ ಪ್ರಬಂಧವನ್ನು ಬರೆದುಕೊಡುವ ಕಾಲ ಈಗ ಬಂದಿದೆ. ಯಂತ್ರದ ಬರಹಕ್ಕೆ ತನ್ನ ಹೆಸರನ್ನು ಹಾಕಿ ಒಪ್ಪಿಸಿದವನು ಯಾರಿಂದ ಕದ್ದ? ಪ್ರಾಮಾಣಿಕವಾಗಿ ಬರೆದು ಕಡಮೆ ಅಂಕ ಪಡೆದ ಪಕ್ಕದವನಿಂದ ಸ್ಥಾನವನ್ನು ಕದ್ದ. ಕಲಿಯಬಹುದಾಗಿದ್ದ ತನ್ನಿಂದಲೇ ಕಲಿಕೆಯನ್ನು ಕದ್ದ. 2025ರ ಮೇ 8ರಂದು ಚುನಾಯಿತರಾದ ಪೋಪರು 14ನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಇಂತಹ ಯಂತ್ರಬುದ್ಧಿಯೂ ಒಂದು ಕಾರಣ. 13ನೆಯ ಲಿಯೋ ಕಾರ್ಖಾನೆಯ ಯುಗದ ಪ್ರಶ್ನೆಯನ್ನು ಎದುರಿಸಿದಂತೆ, ಮನುಷ್ಯನ ಗೌರವಕ್ಕೂ ನ್ಯಾಯಕ್ಕೂ ಶ್ರಮಕ್ಕೂ ಈ ಹೊಸ ಯಂತ್ರಗಳು ಒಡ್ಡುವ ಪ್ರಶ್ನೆಯನ್ನು ಎದುರಿಸಬೇಕಾಗಿದೆಯೆಂದು ಅವರು ಕಾರ್ಡಿನಲರ ಮುಂದೆ ಹೇಳಿದರು.

ಕೊಡುಕೊಳ್ಳುವ ವ್ಯವಹಾರದಲ್ಲಿ ಧರ್ಮಸೂಕ್ಷ್ಮಗಳು ಬಹಳ. ಮಾರುವ ವಸ್ತುವಿನಲ್ಲಿ ಒಳಗೆ ಅಡಗಿದ ದೋಷವಿದ್ದರೆ ಹೇಳಿಯೇ ಮಾರಬೇಕು; ಕುದುರೆಗೆ ಒಂದು ಕಣ್ಣಿಲ್ಲವೆಂಬಂತಹ, ಯಾರಿಗಾದರೂ ಕಾಣತಕ್ಕ ದೋಷವನ್ನು, ಬೆಲೆಯನ್ನು ತಕ್ಕಷ್ಟು ಇಳಿಸಿದ್ದರೆ, ಬಾಯಿಬಿಟ್ಟು ಹೇಳಬೇಕಾಗಿಲ್ಲವೆಂದು ಅಕ್ವಿನಾಸರು ತೀರ್ಮಾನಿಸಿದರು. ಅವರದೇ ಮತ್ತೊಂದು ಉದಾಹರಣೆ: ಧಾನ್ಯಕ್ಕೆ ಬೆಲೆಯೇರಿದ ಊರಿಗೆ ವರ್ತಕನೊಬ್ಬ ಮೊದಲು ಬಂದಿದ್ದಾನೆ, ಹಿಂದೆಯೇ ಇನ್ನೂ ಅನೇಕರು ಧಾನ್ಯ ತರುತ್ತಿದ್ದಾರೆಂಬುದು ಅವನಿಗೆ ಗೊತ್ತು. ಅದನ್ನು ಊರವರಿಗೆ ಹೇಳದೆ ಅಂದಿನ ಬೆಲೆಗೆ ಮಾರಿದರೆ ಅವನು ನ್ಯಾಯವನ್ನು ಮೀರಿದಂತಾಗಲಿಲ್ಲ. ಹೇಳಿದ್ದರೆ ಅಥವಾ ಬೆಲೆ ಇಳಿಸಿದ್ದರೆ ಇನ್ನೂ ದೊಡ್ಡ ಗುಣವಾಗುತ್ತಿತ್ತು. ನ್ಯಾಯಕ್ಕೂ ಔದಾರ್ಯಕ್ಕೂ ಇರುವ ಈ ಅಂತರವನ್ನು ಗಮನಿಸಬೇಕು. ಧರ್ಮಸಭೆ ವ್ಯಾಪಾರಿಯಿಂದ ಸಂನ್ಯಾಸವನ್ನು ಕೇಳುವುದಿಲ್ಲ. ಇಂಜಿನಿನ ಬಿರುಕನ್ನು ಬಣ್ಣದಿಂದ ಮುಚ್ಚಿ ಹಳೆಯ ಮೋಟಾರನ್ನು ಮಾರಬೇಡವೆಂದು ಮಾತ್ರ ಕೇಳುತ್ತದೆ. ಹಾಗೆಯೇ, 2016ರಲ್ಲಿ ಯುಪಿಐ ಎಂಬ ಪದ್ಧತಿ ಆರಂಭವಾದ ಮೇಲೆ ನಮ್ಮ ಹಣವೆಲ್ಲ ಫೋನಿನ ಮೂಲಕ ಹರಿದಾಡುತ್ತಿದೆ. ಯಾರೋ ಒಂದು ಅಂಕಿಯನ್ನು ತಪ್ಪಿ ಒತ್ತಿದರೆ ಅಪರಿಚಿತನ ದುಡಿಮೆ ನಮ್ಮ ಖಾತೆಗೆ ಬಂದು ಬೀಳುವುದು. ತಾನಾಗಿ ಬಂದದ್ದು ದೈವದತ್ತವೆಂದು ಸುಮ್ಮನಾಗುವವರುಂಟು. ಬ್ಯಾಂಕಿನ ಮೂಲಕ ಅದನ್ನು ಒಡೆಯನಿಗೆ ಹಿಂದಿರುಗಿಸುವವರೆಗೆ ಅದು ದೈವದತ್ತವಲ್ಲ, ಪರರ ಸ್ವತ್ತು.

ಹಣಕ್ಕಿಂತ ಸುಲಭವಾಗಿ ಕದಿಯತಕ್ಕ ವಸ್ತುವೊಂದುಂಟು. ಹಣಕ್ಕಿಂತ ಕಷ್ಟವಾಗಿ ಹಿಂದಿರುಗಿಸತಕ್ಕದ್ದೂ ಅದೇ. ಅದು ಮತ್ತೊಬ್ಬನ ಮಾನ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಗೆ ಸೇರಿದರೂ, ಇದಕ್ಕೂ ಮರಳಿ ಕೊಡುವ ಕರ್ತವ್ಯ ತಪ್ಪದು. ಹಿಂದೆ ಚಾಡಿ ಜಗಲಿಯಿಂದ ಜಗಲಿಗೆ ನಡೆದುಹೋಗುತ್ತಿತ್ತು. ಈಗ ವಾಟ್ಸಾಪಿನಲ್ಲಿ ಒಂದು ಬೆರಳು ಸೋಕಿದರೆ ಕ್ಷಣದಲ್ಲಿ ಇನ್ನೂರು ಮನೆಗಳನ್ನು ಹೊಕ್ಕಿರುತ್ತದೆ. ಒಬ್ಬ ಹೆಣ್ಣುಮಗಳ ನಡತೆಯ ಮೇಲೆ, ಒಂದು ಅಂಗಡಿಯ ಮೇಲೆ, ಒಂದು ಜಾತಿಯ ಮೇಲೆ ಅಥವಾ ಮತದ ಮೇಲೆ ಬಂದ ಮಾತನ್ನು ನಿಜವೋ ಸುಳ್ಳೋ ನೋಡದೆ ಮುಂದಕ್ಕೆ ಕಳಿಸಿ, ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಎಂದು ಕೈತೊಳೆದುಕೊಳ್ಳುತ್ತಾರೆ. ಅಕ್ವಿನಾಸರ ಒಂಬತ್ತು ಸಹಭಾಗಿಗಳ ಪಟ್ಟಿಯನ್ನು ಇಲ್ಲಿ ನೆನೆಯಬೇಕು. ಸುಳ್ಳೆಂದು ತಿಳಿದ ಮೇಲೆ ಅದನ್ನು ಗುಟ್ಟಾಗಿ ಅಳಿಸಿಬಿಟ್ಟರೆ ಸಾಲದು. ಯಾವ ಬಾಗಿಲುಗಳಿಗೆ ಸುಳ್ಳು ಹೋಯಿತೋ ಅದೇ ಬಾಗಿಲುಗಳಿಗೆ ನಿಜವನ್ನೂ ಕಳಿಸಬೇಕು. ಮಾನ ಕಳೆದುಕೊಂಡವರಿಗೆ ನಷ್ಟವಾಗಿದ್ದರೆ ಅದನ್ನೂ ಶಕ್ತ್ಯನುಸಾರ ತುಂಬಿಕೊಡಬೇಕು. ಸಮಾಜದಲ್ಲಿ ನಮ್ಮ ಗೌರವಕ್ಕೆ ಕುಂದು ಬಂದೀತೆಂಬ ಹೆದರಿಕೆ ಆಗ ಹುಟ್ಟುವುದು ಸಹಜ. ಕದ್ದದ್ದು ಗೌರವವಾದ ಮೇಲೆ ತೆರಬೇಕಾದ ಬೆಲೆಯೂ ಗೌರವವೇ ಅಲ್ಲವೆ?

ಇಷ್ಟನ್ನು ಹೇಳಿದಾಗ ಕೆಲವು ಆಕ್ಷೇಪಗಳು ಏಳುವುವು. ಹೀಗೆ ಎಳೆಎಳೆಯಾಗಿ ಲೆಕ್ಕಹಾಕುತ್ತ ಕುಳಿತರೆ ಮನುಷ್ಯನಿಗೆ ಹುಚ್ಚು ಹಿಡಿಯದೆ ಎಂಬುದು ಮೊದಲನೆಯದು. ಅದು ನಿಜವಾದ ಅಪಾಯವೆಂದು ಧರ್ಮಸಭೆಯೇ ಒಪ್ಪುತ್ತದೆ. 18ನೆಯ ಶತಮಾನದ ನೇಪಲ್ಸ್ ನಗರದಲ್ಲಿ ವಕೀಲರಾಗಿದ್ದು, 1723ರಲ್ಲಿ ಆ ವೃತ್ತಿಯನ್ನು ಬಿಟ್ಟು, ಮುಂದೆ ಗುರುಗಳೂ ನೀತಿಶಾಸ್ತ್ರದ ಆಚಾರ್ಯರೂ ಆದ ಸಂತ ಅಲ್ಫೋನ್ಸ್ ಲಿಗೋರಿಯವರು ಸ್ವತಃ ಅತಿಸೂಕ್ಷ್ಮ ಮನಸ್ಸಾಕ್ಷಿಯ ಬಾಧೆಯನ್ನು ಅನುಭವಿಸಿದವರು. ಕಠೋರತೆಗೂ ಸಡಿಲತೆಗೂ ನಡುವಣ ದಾರಿಯನ್ನು ಅವರು ತೋರಿಸಿದರು. ಪಾಪನಿವೇದನೆ ಕೇಳುವ ಗುರುಗಳಿಗೆ ಅವರನ್ನೇ ಪೋಷಕ ಸಂತರನ್ನಾಗಿ 1950ರಲ್ಲಿ ಘೋಷಿಸಲಾಯಿತು. ಗೊತ್ತಿಲ್ಲದ ಋಣವನ್ನು ಕಲ್ಪಿಸಿಕೊಂಡು ಕೊರಗಬೇಕಾಗಿಲ್ಲ. ಸಂದೇಹವಿದ್ದರೆ ಬಲ್ಲವರನ್ನು ಕೇಳಿ ಅವರ ಮಾತನ್ನು ನಂಬಿ ನಡೆಯಬೇಕು. ಆದರೆ ಈ ಕಾಲದಲ್ಲಿ ಅತಿಸೂಕ್ಷ್ಮ ಮನಸ್ಸಾಕ್ಷಿಯಿಂದ ನರಳುವವರಿಗಿಂತ ಅದರ ಅಭಾವದಿಂದ ಸುಖವಾಗಿ ನಿದ್ರಿಸುವವರೇ ಹೆಚ್ಚೆಂದು ತೋರುತ್ತದೆ.

ಊರೆಲ್ಲ ಲಂಚ ನಡೆಯುವಾಗ ಒಬ್ಬನ ಪ್ರಾಮಾಣಿಕತೆಯಿಂದ ಆಗುವುದೇನು ಎಂಬುದು ಎರಡನೆಯ ಆಕ್ಷೇಪ. ಇಲ್ಲಿ ಒಂದು ಭೇದವನ್ನು ತಿಳಿಯುವುದು ಅಗತ್ಯ. ತನಗಲ್ಲದ ಲಾಭಕ್ಕಾಗಿ ಹಣ ಕೊಟ್ಟು ಮತ್ತೊಬ್ಬನ ಸರದಿಯನ್ನು ಕಿತ್ತುಕೊಳ್ಳುವುದು ಬೇರೆ. ಬೇರೆ ಗತಿಯಿಲ್ಲದ ವಿಧವೆ ತನ್ನ ಹಕ್ಕಿನ ಪಿಂಚಣಿಯನ್ನೇ ಬಿಡಿಸಿಕೊಳ್ಳುವುದಕ್ಕಾಗಿ ಹಣ ತೆರುವುದು ಬೇರೆ. ನೀತಿಶಾಸ್ತ್ರಜ್ಞರು ಸಾಮಾನ್ಯವಾಗಿ ಎರಡನೆಯದನ್ನು ಸುಲಿಗೆಯೆಂದೇ ಎಣಿಸಿ, ಪಾಪದ ಹೊರೆಯನ್ನು ಕಿತ್ತುಕೊಂಡವನ ತಲೆಯ ಮೇಲೆ ಹೊರಿಸುತ್ತಾರೆ. ಮರಳಿ ಕೊಡುವ ಋಣವೂ ಅವನದೇ. ಒಬ್ಬನ ಪ್ರಾಮಾಣಿಕತೆಯಿಂದ ದೇಶ ತಿದ್ದಿಹೋಗದಿರಬಹುದು. ಆದರೆ ಆ ವಿಧವೆಯ ಪಾಲಿಗೆ ಮೇಜಿನ ಆಚೆ ಕುಳಿತ ಆ ಒಬ್ಬನೇ ದೇಶ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಹರಿತವಾದದ್ದು. ಈ ಮಾತುಗಳನ್ನು ಆಡುವ ಧರ್ಮಸಭೆ ತನ್ನ ಶಾಲೆ, ಆಸ್ಪತ್ರೆ, ಛಾಪಖಾನೆಗಳಲ್ಲಿ ದುಡಿಯುವವರಿಗೆ ನ್ಯಾಯವಾದ ಸಂಬಳವನ್ನು ಕೊಡುತ್ತಿದೆಯೆ? ಇದನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು ಲೋಕದಲ್ಲಿ ನ್ಯಾಯವೆಂಬ ವಿಷಯವನ್ನು ವಿಚಾರಮಾಡಿದಾಗ, ನ್ಯಾಯವನ್ನು ಬೋಧಿಸಹೊರಟವರು ಕೇಳುವವರ ಕಣ್ಣಿಗೆ ಮೊದಲು ತಾವು ನ್ಯಾಯವಂತರಾಗಿ ಕಾಣಬೇಕೆಂದು ಒಪ್ಪಿಕೊಂಡು, ಧರ್ಮಸಭೆಗೆ ದುಡಿಯುವವರ ಸಂಬಳ, ಸಾಮಾಜಿಕ ಭದ್ರತೆ, ಬಡ್ತಿಗಳ ವಿಷಯವನ್ನೂ ಎತ್ತಿ ಹೇಳಿತು. ಸೇವೆಯೆಂಬ ಹೆಸರಿನಲ್ಲಿ ಕಡಮೆ ಸಂಬಳ ಕೊಡುವುದು, ಒಂದು ಮೊತ್ತಕ್ಕೆ ರುಜು ಮಾಡಿಸಿ ಮತ್ತೊಂದು ಮೊತ್ತವನ್ನು ಕೈಗಿಡುವುದು ಯಾವ ಸಂಸ್ಥೆಯಲ್ಲಿ ನಡೆದರೂ, ಅದರ ಬಾಗಿಲ ಮೇಲೆ ಶಿಲುಬೆಯಿರಲಿ ಇಲ್ಲದಿರಲಿ, ಏಳನೆಯ ಆಜ್ಞೆ ಅಲ್ಲಿಗೂ ಸಲ್ಲುತ್ತದೆ. ಶಿಲುಬೆಯಿದ್ದರೆ ಹೊಣೆ ಇಮ್ಮಡಿಯಾಗುತ್ತದೆ.

ಇನ್ನು ಆಚರಣೆಯ ಮಾತು. 16ನೆಯ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ ಶಿಷ್ಯರಿಗೆ ಪ್ರತಿದಿನದ ಆತ್ಮಪರೀಕ್ಷೆಯನ್ನು ಕಲಿಸಿದರು. ಹಗಲಿನ ನಡೆಯನ್ನು ಗಂಟೆಗಂಟೆಯಾಗಿ ಮನಸ್ಸಿಗೆ ತಂದುಕೊಂಡು ನೋಡುವ ಪದ್ಧತಿ ಅದು. ಮಲಗುವ ಮುಂಚೆ ಐದು ನಿಮಿಷ ಸಾಕು. ಆ ಪದ್ಧತಿಯನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇಂದು ಯಾರ ಹಣ ಅಥವಾ ವಸ್ತು ನಮ್ಮಲ್ಲಿ ಉಳಿದಿದೆ? ಯಾರ ಕಾಲವನ್ನು ಅಥವಾ ದುಡಿಮೆಯನ್ನು ಬೆಲೆ ಕೊಡದೆ ಬಳಸಿಕೊಂಡೆವು? ಯಾರ ಹೆಸರಿಗೆ ನಮ್ಮ ಬಾಯಿಂದ ಮಸಿ ತಗಲಿತು? ಉತ್ತರವಾಗಿ ಒಂದು ಹೆಸರು ಬಂದರೆ, ಪ್ರಾರ್ಥನೆಯನ್ನು ಬೆಳಸುವುದಕ್ಕಿಂತ ಮೊದಲು ನಾಳೆ ಯಾವ ಹೊತ್ತಿಗೆ ಆ ಮನೆಗೆ ಹೋಗುವುದೆಂದು ನಿಶ್ಚಯಿಸುವುದು ಲೇಸು. ಬಲಿಪೀಠದ ಮುಂದೆ ಕಾಣಿಕೆಯನ್ನು ಹಿಡಿದು ನಿಂತವನಿಗೆ, ತನ್ನ ಮೇಲೆ ಸೋದರನ ದೂರೊಂದಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಮಾಡಿಕೊಂಡು ಬರಬೇಕೆಂಬುದು ಯೇಸುಸ್ವಾಮಿಯ ಬೋಧೆ.

ಮನೆಯ ಕಪಾಟಿನಲ್ಲಿ ಪರರ ಪುಸ್ತಕವೊಂದಿರಬಹುದು. ಕೆಲಸದವಳ ಸಂಬಳದಲ್ಲಿ ಕಳೆದ ತಿಂಗಳು ಹಿಡಿದ ಎರಡು ದಿನಗಳ ಹಣವಿರಬಹುದು. ತಮ್ಮನ ಪಾಲಿಗೆ ಬರಬೇಕಾದ ಜಮೀನಿನ ಒಂದು ಪಟ್ಟಿ ಅಣ್ಣನ ಬೇಲಿಯೊಳಗೆ ಸೇರಿರಬಹುದು. ಇವುಗಳಲ್ಲಿ ಪುಸ್ತಕಕ್ಕೆ ಸಂಜೆಯ ನಡಿಗೆ ಸಾಕು, ಸಂಬಳಕ್ಕೆ ಕೈಚೀಲ ಸಾಕು. ಬೇಲಿಯನ್ನು ಕೀಳುವುದಕ್ಕೆ ಮಾತ್ರ ಎದೆಯಲ್ಲಿ ಬಲ ಬೇಕು. ಚಿಕ್ಕವುಗಳನ್ನು ಹಿಂದಿರುಗಿಸುತ್ತ ಬಂದವನಿಗೆ ಆ ಬಲ ಕ್ರಮೇಣ ಬರುವುದೆಂಬ ನಂಬಿಕೆಯಿಂದ ಈ ಭಾಷಣವನ್ನು ಮುಗಿಸುತ್ತೇವೆ.